ಸೋರುವ ಕಾರಿನ ಸರದಾರ

ಮಳೆ ಬಂದರೆ ಬೀದಿಯವರೆಲ್ಲ ಒಳಗೆ ಓಡುತ್ತಾರೆ. ನಮ್ಮ ಪಕ್ಕದ ಮನೆಯ ಗಡಿಯಾರ ರಿಪೇರಿಯವರು ಮಾತ್ರ ಹೊರಗೆ ಓಡಿ, ಬಟ್ಟೆ ಚಾವಣಿಯ ತಮ್ಮ ಹಳೇ ಬ್ರಿಟಿಷ್ ಕಾರಿನಲ್ಲಿ ಕೂರುತ್ತಾರೆ. "ನೀರು ತೊಟ್ಟಿಕ್ಕೋ ಜಾಗ ಬೇರೆ, ನುಗ್ಗೋ ಜಾಗ ಬೇರೆ ಕಣಪ್ಪಾ" ಎಂಬುದು ಅವರ ವೇದವಾಕ್ಯ. ಬಾಗಿಲಿನ ರಬ್ಬರಿಗೆ ಹೆಂಡತಿಯ ಪೌಡರ್ ಉದುರಿಸಿ, ಅದರಲ್ಲಿ ನೀರು ಗೆರೆ ಎಳೆದ ಕಡೆ ಬೆರಳಿಟ್ಟು, "ಸಿಕ್ಕಿಬಿದ್ದ ಕಳ್ಳ!" ಎಂದು ಕೂತಲ್ಲೇ ಕುಣಿಯುತ್ತಾರೆ. ಮುಂದಿನ ಗಾಜಿನ ಅಂಚು ಮುಚ್ಚಿದರೆ ಹಿಂದಿನ ಹೊಲಿಗೆ ಸೋರುತ್ತದೆ. ಹೊಲಿಗೆಗೆ ಮೇಣ ತಿಕ್ಕಿದರೆ ಮೊಣಕಾಲಿನ ಮೇಲೆ ಹನಿ ಬೀಳುತ್ತದೆ. "ಇದಕ್ಕಿಂತ ಜರಡಿ ವಾಸಿ" ಎಂದು ಗೊಣಗುತ್ತಲೇ ಹೆಂಡತಿ ಹನ್ನೊಂದು ವರ್ಷದಿಂದ ತೊಡೆಯ ಮೇಲೆ ಕೊಡೆ ಇಟ್ಟುಕೊಂಡು ಪಕ್ಕದಲ್ಲಿ ಕೂತಿದ್ದಾರೆ. ನಿನ್ನೆ ಜಡಿಮಳೆಯಲ್ಲಿ ಒಂದು ಸುತ್ತು ಹೋಗಿಬಂದು, ತೊಯ್ದು ತೊಪ್ಪೆಯಾಗಿ ಇಳಿದ ರಿಪೇರಿಯವರು ಬೀದಿಗೆಲ್ಲ ಕೇಳುವಂತೆ ಕೂಗಿದರು: "ಗೆದ್ದೆ! ಒಂದೇ ಒಂದು ಹನಿ ಇಲ್ಲ!" ನಾನು ಬಗ್ಗಿ ನೋಡಿದೆ. ಅವರು ತಂದು ಹಾಕಿದ್ದ ಹೊಸ ರಬ್ಬರೆಲ್ಲ ಹೆಂಡತಿಯ ಕಡೆಯ ಬಾಗಿಲಿಗೇ ಹೋಗಿತ್ತು; ಆಕೆ ಬೆಚ್ಚಗೆ ಕೂತಿದ್ದರು. "ಹತ್ತಿ ರೀ, ಇನ್ನೊಂದು ಸುತ್ತು ಹೋಗೋಣ" ಎನ್ನುತ್ತ ಆಕೆ ಆ ಹಳೇ ಕೊಡೆಯನ್ನು ಕಾರಿನೊಳಗೇ ಬಿಚ್ಚಿ, ಗಂಡನ ಸೀಟಿನ ಮೇಲೆ ಹಿಡಿದರು.