ವೈಪರಿಗೆ ಮೂರು ಹನಿ ಹರಳೆಣ್ಣೆ

ಮೊನ್ನೆ ಕೊಪ್ಪದ ದಿನಸಿ ಅಂಗಡಿಯಲ್ಲಿ ಪಕ್ಕದವರೊಬ್ಬರು ಹರಳೆಣ್ಣೆ ಅಳೆಸಿಕೊಳ್ಳುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ನನಗೆ ಕುಣಿಯುವಷ್ಟು ಖುಷಿಯಾಯಿತು. ಹರಳೆಣ್ಣೆ ಎಂದರೆ ನಿಮಗೆ ಮೂಗು ಹಿಡಿದು ಕುಡಿಸಿದ ಭೇದಿಯ ಔಷಧಿ ನೆನಪಾಗಬಹುದು. ನನಗೆ ನೆನಪಾಗುವುದು ಜೀಪಿನ ವೈಪರು. ನಗಬೇಡಿ, ಹೇಳುತ್ತೇನೆ. ಹೊರಗೆ ಕಾರಿನಲ್ಲಿ ಅಣ್ಣನ ಮಗ ಕಾಯುತ್ತಿದ್ದ, ಕಾಯಲಿ ಬಿಡಿ.

ಎಂಬತ್ತರ ದಶಕದ ಆರಂಭ. ಬಸರೀಕಟ್ಟೆಯ ನಮ್ಮ ಮನೆಯಲ್ಲಿ ಅಪ್ಪಯ್ಯನ ಜೀಪೊಂದಿತ್ತು, ವಯಸ್ಸಿನಲ್ಲಿ ನನಗಿಂತ ಹಿರಿಯದು. ಅದರ ವೈಪರಿಗೆ ಕರೆಂಟಿನ ಮೋಟಾರಿರಲಿಲ್ಲ. ಇಂಜಿನ್ನು ಗಾಳಿ ಎಳೆದುಕೊಳ್ಳುವ ಜೋರಿನಲ್ಲೇ, ಒಂದು ರಬ್ಬರ್ ಕೊಳವೆಯ ಮೂಲಕ, ಅದೂ ಆಡಬೇಕು. ಇಳಿಜಾರಿನಲ್ಲಿ ಹುಚ್ಚು ಹಿಡಿದಂತೆ ಬಡಿದುಕೊಳ್ಳುತ್ತಿತ್ತು. ಏರಿನಲ್ಲಿ ಆಕ್ಸಿಲರೇಟರ್ ತುಳಿದಿರೋ, ಸುಸ್ತಾಗಿ ಮಲಗಿಬಿಡುತ್ತಿತ್ತು. ಅದಕ್ಕೇ ಎಡಸೀಟಿನ ಎದುರು, ಗಾಜಿನ ಮೇಲ್ಗಡೆ ಒಂದು ಸಣ್ಣ ಹಿಡಿ, ಕಂಬಿಯಿಂದ ವೈಪರಿಗೆ ಜೋಡಿಸಿದ್ದು. ಅಲ್ಲಿ ಕೂತವರು ಏರು ಬಂದಾಗ ಅದನ್ನು ಕೈಯಿಂದ ಆಡಿಸಬೇಕು, ಅದು ನಮ್ಮ ಜೀಪಿನ ಕಾನೂನು. ಮದುಮಗನನ್ನೂ ಬಿಟ್ಟದ್ದಿಲ್ಲ. ನೆಂಟರೆಲ್ಲ ಹಿಂದಿನ ಸೀಟಿಗೇ ನುಗ್ಗುತ್ತಿದ್ದರು.

ಮಂಡಿನೋವು ಹೆಚ್ಚಾಗಿ ಅಪ್ಪಯ್ಯನಿಗೆ ಕ್ಲಚ್ ತುಳಿಯಲಾಗದಾಯಿತು. ಅಣ್ಣನಿಗೆ ಸ್ಟೇರಿಂಗ್ ಕಂಡರೇ ಆಗದು. ನಾನು ಕಲಿಯುತ್ತೇನೆ ಎಂದೆ. ಆಗಲೇ ಶೆಟ್ಟಿಕೊಪ್ಪದವರೊಬ್ಬರು ಜೀಪು ಕೊಳ್ಳಲು ನೋಡಿ ಹೋಗಿದ್ದರು.

“ಒಂದೇ ಸಲಕ್ಕೆ ಲೈಸೆನ್ಸ್ ಸಿಕ್ಕಿದ್ರೆ ಜೀಪು ನಿಂದು. ಸಿಗ್ದಿದ್ರೆ ಅವ್ರಿಗೆ ಕೊಡೋದೇ ಸೈ,” ಎಂದರು ಅಪ್ಪಯ್ಯ.

ನನಗೆ ಆ ಜೀಪು ಬೇಕೇ ಬೇಕಿತ್ತು. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ ಎಂದು ರಸ್ತೆ ಬದಿಯಲ್ಲಿ ಕಾಯುವ ಬಾಳು ಸಾಕಾಗಿಹೋಗಿತ್ತು.

ಕೊಪ್ಪದ ಮೆಕ್ಯಾನಿಕ್ ಹಸನಬ್ಬ ನನ್ನ ಗುರು. ಸ್ಟೇರಿಂಗಿಗಿಂತ ಮೊದಲು ಕೈಗೆ ಸ್ಪಾನರು ಕೊಟ್ಟ ಮಹಾನುಭಾವ. ವೈಪರಿನ ಡಬ್ಬಿಯನ್ನು ನನ್ನಿಂದಲೇ ಬಿಚ್ಚಿಸಿದರು. ಒಳಗೆ ಅಂಗೈಗಿಂತ ಚಿಕ್ಕದಾದ ಚರ್ಮದ ರೆಕ್ಕೆ. ಗಾಳಿ ಎಳೆದಾಗ ಅತ್ತಿತ್ತ ಆಡುವುದು ಅದೇ.

“ಚರ್ಮ ಒಣಗ್ಬಾರ್ದು ಅಮ್ಮ. ಹರಳೆಣ್ಣೆ, ಮೂರೇ ಹನಿ. ಬೇರೆ ಎಂತದೂ ಹಾಕ್ಬೇಡಿ.”

ಕಂಬಿಯ ಗಂಟಿಗೆ ಗ್ರೀಸು, ಒರೆಸುವ ರಬ್ಬರಿಗೆ ಎಣ್ಣೆ ಸೋಕಬಾರದು, ಒಣಗಾಜಿನ ಮೇಲೆ ಆಡಿಸಬಾರದು. ಎಲ್ಲ ನನಗೆ ಬಾಯಿಪಾಠವಾಗಿತ್ತು. ಬಾಯಿಪಾಠವಾದದ್ದು ಬುದ್ಧಿಗೆ ಇಳಿದಿರಬೇಕೆಂದೇನೂ ಇಲ್ಲವಲ್ಲ!

ಪರೀಕ್ಷೆಯ ಹಿಂದಿನ ಮಧ್ಯಾಹ್ನ ಜೀಪು ಕೊಪ್ಪದ ಚಿಕ್ಕಮ್ಮನ ಮನೆಯ ಅಂಗಳದಲ್ಲಿತ್ತು. ಉತ್ಸಾಹ ತಡೆಯದೆ ಡಬ್ಬಿಯನ್ನು ಮತ್ತೊಮ್ಮೆ ಬಿಚ್ಚಿದೆ. ಹರಳೆಣ್ಣೆ ಇರಲಿಲ್ಲ, ತೆಂಗಿನೆಣ್ಣೆ ಇತ್ತು. ತಲೆಗೆ, ಸುಟ್ಟಗಾಯಕ್ಕೆ, ಕಿರುಗುಟ್ಟುವ ಬಾಗಿಲಿಗೆ, ತೆಂಗಿನೆಣ್ಣೆ ಆಗದ ಜಾಗ ನಮ್ಮಲ್ಲಿ ಯಾವುದಿದೆ? ಮೂರು ಹನಿಯಲ್ಲ, ಮೂರು ಚಮಚ ಸುರಿದೆ. ಬಿಸಿಲಿನಲ್ಲಿ ವೈಪರು ಏನು ನಯವಾಗಿ ಆಡಿತು ಅಂತೀರಿ!

ಬೆಳಿಗ್ಗೆ ಎದ್ದರೆ ಪುಷ್ಯದ ಚಳಿ. ಚಿಕ್ಕಮ್ಮ ಎಣ್ಣೆ ಬಾಟಲಿಯನ್ನು ಒಲೆಯ ಪಕ್ಕ ಇಟ್ಟು ಕರಗಿಸುತ್ತಿದ್ದರು. ಕಣ್ಣಾರೆ ನೋಡಿದೆ, ಆ ಎಣ್ಣೆಯನ್ನೇ ತಲೆಗೂ ಹಚ್ಚಿಕೊಂಡೆ. ಆದರೂ ತಲೆಯೊಳಗೆ ಏನೂ ಹೊಳೆಯಲಿಲ್ಲ.

ಲೈಸೆನ್ಸ್ ಕೊಡುವ ಅಧಿಕಾರಿಯನ್ನು ನಾವು ಬ್ರೇಕ್ ಇನ್ಸ್‌ಪೆಕ್ಟರ್ ಎನ್ನುತ್ತಿದ್ದೆವು. ಅವರು ಮಫ್ಲರ್ ಸುತ್ತಿಕೊಂಡು ಎಡಸೀಟಿಗೆ ಹತ್ತಿದರು. ಪೇಟೆ ದಾಟಿ ಏರು ಹಿಡಿಯುವಷ್ಟರಲ್ಲಿ ಮಂಜು ಗಾಜಿನ ಮೇಲೆ ಹನಿಗಟ್ಟಿತು. ವೈಪರಿನ ಗುಂಡಿ ತಿರುಗಿಸಿದೆ. ಅದು ಅಲುಗಲಿಲ್ಲ. ಅಯ್ಯೋ, ಎಣ್ಣೆ ಡಬ್ಬಿಯೊಳಗೆ ಹೆಪ್ಪುಗಟ್ಟಿದೆ! ಜೀಪು ನಿಲ್ಲಿಸಿದೆ.

“ಯಾಕ್ರೀ ನಿಲ್ಲಿಸಿದ್ರಿ? ನಡೀರಿ.”

“ರಸ್ತೆ ಕಾಣ್ತಿಲ್ಲ ಸಾರ್. ನಾನು ಹೋಗಲ್ಲ.”

“ಹೋಗದಿದ್ರೆ ಫೇಲ್ ಮಾಡಬೇಕಾಗುತ್ತೆ.”

ಜೀಪು ಶೆಟ್ಟಿಕೊಪ್ಪಕ್ಕೆ ಹೊರಟೇಹೋಯಿತು ಎನಿಸಿತು. ಆದರೂ ನನ್ನ ಬಾಯಿ ಸುಮ್ಮನಿರಬೇಕಲ್ಲ!

“ಸಾರ್, ನಿಮ್ಮೆದುರು ಒಂದು ಹಿಡಿ ಉಂಟು. ಅದನ್ನ ಆಡಿಸಿದ್ರೆ ಹೋಗ್ತೇನೆ. ಈ ಜೀಪಲ್ಲಿ ಅಲ್ಲಿ ಕೂತವ್ರ ಕೆಲ್ಸ ಅದು.”

ಅವರು ನನ್ನನ್ನೇ ದುರುಗುಟ್ಟಿ ನೋಡಿದರು. ಆಮೇಲೆ ಏನನ್ನಿಸಿತೋ, ಹಿಡಿಗೆ ಕೈ ಹಾಕಿದರು. ಅದು ಜಗ್ಗಲಿಲ್ಲ. ಎರಡೂ ಕೈ ಹಾಕಿದರು. ಮಿಸುಕಿತು, ಸಡಿಲಾಯಿತು, ಗಾಜು ತೆರೆದುಕೊಂಡಿತು! ನಾನು ಗೇರು ಹಾಕಿದೆ. ಅಬ್ಬಾ, ಆ ಏರನ್ನು ಹತ್ತಿದ್ದು ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಅವರು ಮಫ್ಲರ್ ಕಿತ್ತೆಸೆದು, “ಬಸ್ಸು ಬಂತು, ಎಡಕ್ಕೆ ಎಡಕ್ಕೆ!” ಎಂದು ಕೂಗುತ್ತ ಒರೆಸಿದ್ದೇ ಒರೆಸಿದ್ದು. ವಾಪಸು ಬರುವಾಗ ಹೋಟೆಲಿನಲ್ಲಿದ್ದವರು ಲೋಟ ಹಿಡಿದುಕೊಂಡೇ ರಸ್ತೆಗೆ ಬಂದು ನೋಡಿದರು.

ಇಳಿದವರೇ ಕೇಳಿದರು, “ಅದಕ್ಕೆ ಏನು ಎಣ್ಣೆ ಹಾಕಿದ್ರಿ?”

“ತೆಂಗಿನೆಣ್ಣೆ, ಸಾರ್.”

ಕಾಯುತ್ತಿದ್ದ ಹಸನಬ್ಬ ಹಣೆ ಹಣೆ ಚಚ್ಚಿಕೊಂಡರು. ಇನ್ಸ್‌ಪೆಕ್ಟರರು ನೋಯುವ ತೋಳು ಉಜ್ಜಿಕೊಳ್ಳುತ್ತ ಕಾಗದಕ್ಕೆ ಸಹಿ ಹಾಕಿದರು.

“ಗಾಡಿ ಫೇಲು. ಕಾಣದೇ ಇದ್ದಾಗ ನಿಲ್ಲಿಸಿದವರು ಇವತ್ತು ನೀವೊಬ್ರೇ. ನೀವು ಪಾಸು.”

ಆಮೇಲೆ ಶೃಂಗೇರಿಯೇನು, ಎನ್‌.ಆರ್‌. ಪುರವೇನು, ಕೆರೆಕಟ್ಟೆಯೇನು, ಹೋಗದ ಊರಿಲ್ಲ. ಜೀಪು ತೀರಾ ಹಣ್ಣಾಗುವವರೆಗೂ ಓಡಿಸಿದೆ.

“ಅತ್ತೆ, ಇನ್ನೂ ಎಷ್ಟೊತ್ತು?” ಅಣ್ಣನ ಮಗ ಹಾರನ್ ಬಾರಿಸಿದ. ಕಣ್ಣಿನ ಆಪರೇಷನ್ ಆದಂದಿನಿಂದ ನಾನು ಎಡಸೀಟಿನವಳು. ಓಡಿಸಬಹುದೆಂದು ಡಾಕ್ಟರು ಹೇಳಿ ವರ್ಷವಾಯಿತು, ಹೆದರಿಕೆ ನನ್ನದೇ. ಹೋಗಿ ಬಲಗಡೆ ಬಾಗಿಲು ತೆರೆದೆ.

“ಆ ಕಡೆ ಸರಿ ಮಾರಾಯ. ನಾನು ಓಡಿಸ್ತೇನೆ.”

“ನೀವಾ? ರಸ್ತೆ ಸರಿ ಕಾಣುತ್ತಾ ಅತ್ತೆ?”

“ಕಾಣದಿದ್ರೆ ನಿಲ್ಲಿಸ್ತೇನೆ,” ಎಂದು ಕೀಲಿಗೆ ಕೈ ಚಾಚಿದೆ.