ಬೇಲಿಯ ಬುಡದ ಗೆಡ್ಡೆ

ಬಲಗೈಗೆ ಹಾಲಿನ ಖಾಲಿ ಪ್ಲಾಸ್ಟಿಕ್ ತೊಟ್ಟೆ, ಅದು ಜಾರದ ಹಾಗೆ ಮಣಿಕಟ್ಟಿಗೆ ರಬ್ಬರ್ ಬ್ಯಾಂಡ್, ಸೀರೆಯ ಮೇಲೆ ತೀರಿಹೋದ ಗಂಡನ ಅಂಗಿ. ಮಳೆಗಾಲದಲ್ಲಿ ದೊಡ್ಡತ್ತೆ ಹುಲ್ಲು ಬೆಳೆದ ಗುಡ್ಡ ಹತ್ತುತ್ತಿದ್ದುದು ಹೀಗೆ. ನನ್ನ ಮಾವನ ಅಣ್ಣನ ಹೆಂಡತಿ ಅವರು, ಮಕ್ಕಳಿರಲಿಲ್ಲ. ಪಾಲಾದ ಮೇಲೆ ಅವರ ಜಾಗಕ್ಕೂ ನಮ್ಮದಕ್ಕೂ ನಡುವೆ ಒಂದು ಬೇಲಿ. ನಮ್ಮ ದನದ ಹಾಲು ಬತ್ತಿದ ದಿನಗಳಲ್ಲಿ ತಂದ ಹಾಲಿನ ತೊಟ್ಟೆಗಳನ್ನು ತೊಳೆದು ಒಣಗಿಸಿ, ಬೇಲಿಯ ಮೇಲಿಂದ ನಾನೇ ಕೊಡುತ್ತಿದ್ದೆ.

ಅವರು ಹುಡುಕುತ್ತಿದ್ದುದು ಗೌರಿಹೂವಿನ ಬಳ್ಳಿಯನ್ನು. ಬೆಂಕಿಯ ಹಾಗೆ ಅರಳುವ ಆ ಬಳ್ಳಿ ಗೆಡ್ಡೆಯಿಂದ ಎಲೆಯವರೆಗೆ ವಿಷ, ಅವರ ಹಟ್ಟಿಯಲ್ಲಿದ್ದ ಒಂದೇ ದನದ ಬಾಯಿಗೆ ಹೋಗಬಾರದು. "ಹೂ ಬಿಟ್ಟ ಮೇಲೆ ಯಾರಿಗೂ ಗೊತ್ತಾಗ್ತದೆ ಮಾರಾಯ್ತಿ. ಎಲೆಯ ತುದಿ ನೋಡು, ಬೆಕ್ಕಿನ ಬಾಲದ ಹಾಗೆ ಸುರುಟಿ ಉಂಟಲ್ಲ, ಅದೇ," ಎಂದು ನನಗೆ ಕಲಿಸಿದ್ದರು. ಬಳ್ಳಿ ಕೊಯ್ದರೆ ಸಾಲದು. ಕವಲೊಡೆದ ಗೆಡ್ಡೆ ಇಡಿಯಾಗಿ ಬರಬೇಕು. ತುಂಡು ಉಳಿದರೆ ಮುಂದಿನ ಮಳೆಗೆ ಮತ್ತೆ ಚಿಗುರು.

ಅವರ ಬದಿ ಚೊಕ್ಕವಾಯಿತು. ಉಳಿದದ್ದು ಬೇಲಿಯ ಬುಡದ ಸಾಲು. ಗೆಡ್ಡೆಯ ಒಂದು ಕವಲು ಆಚೆ, ಒಂದು ಈಚೆ. ಅಲ್ಲಿಗೆ ಗುದ್ದಲಿ ತಾಗಿಸಲು ಮಾವ ಬಿಡಲಿಲ್ಲ. ಅಗೆಯುವ ನೆಪದಲ್ಲಿ ಗೇಣು ಗೇಣಾಗಿ ಜಾಗ ಒತ್ತುತ್ತಾರೆಂಬ ಗುಮಾನಿ. "ಅತ್ತಿಗೆ ಅಗೆಯುದು ಗೆಡ್ಡೆಯನ್ನಲ್ಲ, ಗಡಿಯನ್ನು," ಎಂದು ಸವಣೂರು ಪೇಟೆಯಲ್ಲೂ ಹೇಳಿ ನಗಾಡುತ್ತಿದ್ದರು. ಹಾಗಾದರೆ ನೀವೇ ಅಗೆಯಿರಿ, ನಾನು ದೂರ ನಿಲ್ಲುತ್ತೇನೆ ಎಂದು ದೊಡ್ಡತ್ತೆ ಬೇಡಿಕೊಂಡರು. ಚೌತಿಗೆ ಹೂ ಬೇಕು ಎಂದುಬಿಟ್ಟರು ಮಾವ.

ಕಳೆದ ಮಳೆಗಾಲದಲ್ಲಿ, ದೊಡ್ಡತ್ತೆ ಆಲಂಕಾರಿನ ತವರಿಗೆ ಹೋಗಿದ್ದ ದಿನ, ಮಾವ ಹುಲ್ಲು ಕತ್ತರಿಸುವ ಮೆಷಿನಿನವನನ್ನು ಕರೆಸಿ ಬೇಲಿಯ ಬುಡವೂ ಸೇರಿದಂತೆ ಹುಲ್ಲು ಹೊಡೆಸಿದರು. ಎಂದೂ ಇಲ್ಲದ ಧಾರಾಳ ಬಂದು, ಬೇಲಿ ಬದಿಯ ಹುಲ್ಲು ಹತ್ತಿರವಾಯಿತೆಂದು, ಅದರದೇ ಒಂದು ಹೊರೆಯನ್ನು ಅತ್ತಿಗೆಯ ಹಟ್ಟಿಗೆ ಹಾಕಿದರು. ನಿಂತ ಬಳ್ಳಿಯಾದರೆ ದನ ಮೂಸಿ ಬಿಡುತ್ತದೆ. ಪುಡಿಯಾಗಿ ಹುಲ್ಲಿಗೆ ಬೆರೆತದ್ದನ್ನು ಹೇಗೆ ಬಿಟ್ಟೀತು? ಕಡಬದಿಂದ ಪಶುವೈದ್ಯರು ಬಂದರೂ ಮಲಗಿದ ದನ ಏಳಲಿಲ್ಲ. ಇಂದೋ ನಾಳೆಯೋ ಹುಟ್ಟಬೇಕಿದ್ದ ಕರುವೂ ಹೊಟ್ಟೆಯಲ್ಲೇ ಹೋಯಿತು.

ತವರಿನಿಂದ ಮರಳಿದ ದೊಡ್ಡತ್ತೆ ಗೋದಲಿಯಲ್ಲಿ ಉಳಿದ ಹುಲ್ಲಿಗೆ ಕೈಯಾಡಿಸಿ, ಸುರುಟಿದ ಎಲೆತುದಿಗಳನ್ನು ಹೆಕ್ಕಿ ತಮ್ಮ ಮನೆಯ ಮೆಟ್ಟಿಲ ಮೇಲಿಟ್ಟರು. ಮಾವ ಅದನ್ನು ನೋಡಿದರು. ಒಳ್ಳೆಯದಕ್ಕೇ ಹಾಕಿದ್ದು ಎಂದರು. ಇನ್ನು ಎಲ್ಲಿ ಬೇಕಾದರೂ ಅಗೆಯಿರಿ ಎಂದೂ ಹೇಳಿದರು.

"ಇನ್ನೆಂತಕ್ಕೆ? ನನ್ನ ಹಟ್ಟಿಯಲ್ಲಿ ತಿನ್ನುವ ಬಾಯಿ ಇಲ್ಲವಲ್ಲ," ಎಂದು ದೊಡ್ಡತ್ತೆ ಒಳಗೆ ಹೋದರು.

ಮತ್ತೆ ಅವರು ದನ ಕಟ್ಟಲಿಲ್ಲ, ಬೇಲಿಯ ಹತ್ತಿರ ಬರಲೂ ಇಲ್ಲ. ಈ ಬೇಸಗೆಯಲ್ಲಿ ತೀರಿಕೊಂಡರು. ಜಾಗ ನಮ್ಮ ಮನೆಗೇ ಬಂತು. ಮಾವ ಬೇಲಿ ಕೀಳಿಸಿದರು. ಮಳೆ ಹಿಡಿದು ಚಿಗುರು ಕಂಡಾಗ ನಾನು ಗುದ್ದಲಿ ಹಿಡಿದು ಹೋದೆ. ದೊಡ್ಡತ್ತೆ ಹೇಳಿಕೊಟ್ಟ ಹಾಗೆಯೇ ಎಲೆಯ ತುದಿ ನೋಡಿ ನೋಡಿ ಅಗೆದೆ. ಒಂದು ಗೆಡ್ಡೆಯೂ ತುಂಡಾಗಲಿಲ್ಲ. ಬೆಳಗಿನ ಚಾ ಕುಡಿದು ಹೊರಟವಳು ಹತ್ತು ಗಂಟೆಯ ಗಂಜಿಗೆ ಮೊದಲೇ ಸಾಲು ಮುಗಿಸಿದ್ದೆ. ಇದ್ದದ್ದು ಅಷ್ಟೇ ಕೆಲಸ.