ಅಮ್ಮನ ರವಿಕೆಯ ಒಳ ಅಂಚು

ಪೋರೂರಿನ ಅಂಗಡಿಯಲ್ಲಿ ಬಟ್ಟೆಯ ಒಳ ಅಂಚು ಬಿಚ್ಚದಂತೆ ಹೊಲಿಯುವ ಓವರ್‌ಲಾಕ್ ದಾರದ ಉಂಡೆಗಳನ್ನು ಕಂಡೊಡನೆ ಅಮ್ಮ ನೆನಪಾದಳು. ಮನೆಯಲ್ಲೇ ಬ್ಲೌಸ್ ಹೊಲಿಯುತ್ತಿದ್ದ ಅವಳು, ಬೇರೆಯವರ ಬಟ್ಟೆಗಾದರೆ ದಾರವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಣ್ಣ ಹೊಂದಿಸುತ್ತಿದ್ದಳು, ಜಗ್ಗಿ ಗಟ್ಟಿಯಿದೆಯೇ ನೋಡುತ್ತಿದ್ದಳು. ತನ್ನ ರವಿಕೆಯ ಅಂಚಿಗೆ ಮಾತ್ರ ಮಿಷನ್‌ನಲ್ಲಿ ಆಗ ಯಾವ ದಾರವಿತ್ತೋ ಅದೇ.

"ನಿಂಗೂ ಮ್ಯಾಚಿಂಗ್ ಹಾಕ್ಕೋಮ್ಮಾ" ಎಂದರೆ, "ಒಳಗಡೆ ತಾನೇ, ಯಾರ್ ನೋಡ್ತಾರೆ ಬಿಡು" ಎನ್ನುವಳು.

ನಾನಿನ್ನೂ ಶಾಲೆಯಲ್ಲಿದ್ದಾಗಲೇ ಅವಳು ಹೋದಳು. ಕೊನೆಯ ಸ್ನಾನ ಮಾಡಿಸಿ ಉಡಿಸುವಾಗ ದೊಡ್ಡಮ್ಮ ಅವಳ ರವಿಕೆಯನ್ನು ಬಿಡಿಸಿ ಹಿಡಿದರು. ಒಳಗೆ ಒಂದು ಅಂಚು ಪಕ್ಕದ ಮನೆಯಕ್ಕನ ಬ್ಲೌಸಿನ ಕೆಂಪು, ಇನ್ನೊಂದು ನನ್ನ ಯೂನಿಫಾರ್ಮಿನ ನೀಲಿ. ನಾನು ನೋಡಿದೆ.

"ಎನ್ನ ಕಲರ್ ಮಾ?" ಯಾವ ಬಣ್ಣ ಬೇಕೆಂದು ಅಂಗಡಿಯವರು ತಮಿಳಿನಲ್ಲಿ ಕೇಳಿದರು. ಆ ನೀಲಿಯನ್ನೇ ತೋರಿಸಿದೆ. ಚೀಲದಲ್ಲಿದ್ದ ನನ್ನ ರವಿಕೆಯ ಬಟ್ಟೆ ಹಸಿರು.